ಒಂದು ಮೀನನ್ನೂ ಹಿಡಿಯದ ಗಂಟಕ್ಕ

ಬೆಳಗಿನ ಐದೂವರೆ ಗಂಟೆ. ಸಮುದ್ರ ಹಿಂದೆ ಸರಿದಿದೆ. ಅಲೆ ತಡೆಯಲೆಂದು ಕಟ್ಟಿದ ಕಲ್ಲುಗೋಡೆಯ ಬುಡದಲ್ಲಿ, ಪಾಚಿಗಟ್ಟಿದ ಬಂಡೆಗಳ ಸಂದಿಯಲ್ಲಿ ಐವತ್ತೇಳು ವರ್ಷದ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು ಏನನ್ನೋ ಹುಡುಕುತ್ತಿದ್ದಾರೆ. ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಕಟ್ಟಿದ ಚೀಲ, ಕೈಯಲ್ಲಿ ಉದ್ದ ಮೂತಿಯ ಇಕ್ಕಳ. ತಲೆಯ ಮೇಲೆ ಯಾವ ಕಾಲದ್ದೋ ಒಂದು ಹೆಲ್ಮೆಟ್ಟು, ಅದಕ್ಕೆ ರಬ್ಬರ್ ಪಟ್ಟಿಯಿಂದ ಬಿಗಿದ ಬ್ಯಾಟರಿ ದೀಪ. ಮೇಲೆ, ಗೋಡೆಯುದ್ದಕ್ಕೂ ಗಾಳದ ಕೋಲು ಹಿಡಿದವರು ಸಾಲಾಗಿ ನಿಂತಿದ್ದಾರೆ. ಅವರಲ್ಲೊಬ್ಬ ಬಗ್ಗಿ ನೋಡಿ ಕೂಗುತ್ತಾನೆ.

"ಏನಕ್ಕಾ, ಇವತ್ತು ಎಷ್ಟು ಹಿಡಿದ್ರಿ?"

"ನೀನು ಕಳ್ಕೊಂಡಷ್ಟು!" ಎನ್ನುತ್ತಾರೆ ಇವರು, ತಲೆಯೆತ್ತದೆ.

ಗೋಡೆಯ ಮೇಲೆ ನಗು ಏಳುತ್ತದೆ. ಇವರು ಇಕ್ಕಳವನ್ನು ಸಂದಿಯೊಳಗೆ ತೂರಿಸಿ, ಬೆಳ್ಳಿ ಬಣ್ಣದ ಒಂದು ಸುಳ್ಳು ಮೀನನ್ನು ಎಳೆದು ತೆಗೆಯುತ್ತಾರೆ. ಅದಕ್ಕೆ ಮೂರು ಮೊನೆಯ ಎರಡು ಮುಕ್ಕೊಕ್ಕೆ, ಮೂತಿಗೆ ಒಂದು ಮಾರಷ್ಟು ಪಾರದರ್ಶಕ ದಾರ. ಅವರು ಮೀನನ್ನು ನೋಡುವುದೇ ಇಲ್ಲ. ದಾರದ ಕೊನೆಯನ್ನು ದೀಪದ ಬೆಳಕಿಗೆ ಹಿಡಿಯುತ್ತಾರೆ. ಅದು ಹಂದಿಮರಿಯ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿದೆ. ಸುರುಳಿಯ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಹಸಿರು ಅಂಟು.

"ಮತ್ತೆ ಅದೇ ಪೆಟ್ಟಿಗೆ. ಥೂ ಇವರ!" ಎಂದು ಅವರು ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಬಂದರಿನ ಬೀದಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಗಂಟಕ್ಕ ಎಂದು. ಅಲ್ಲಿನ ಅತಿ ದೊಡ್ಡ ಗಾಳದ ಸಾಮಾನಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ದಾರ ಸುತ್ತಿಡುವ ರೀಲು ಕೆಟ್ಟರೆ ಬಿಚ್ಚಿ ಜೋಡಿಸುವುದು, ಕೋಲಿನ ಉಂಗುರಗಳನ್ನು ಮತ್ತೆ ಬಿಗಿಯುವುದು, ದಾರ ಸುತ್ತುವುದು, ಗಂಟು ಹಾಕುವುದು ಅವರ ಪಾಲಿನದು. ಅಂಗಡಿಯ ಗೋಡೆಯ ತುಂಬ ದೊಡ್ಡ ಮೀನು ಎತ್ತಿ ಹಿಡಿದ ಗಂಡಸರ ಫೋಟೋಗಳಿವೆ. ಆ ಮೀನುಗಳಲ್ಲಿ ಅರ್ಧಕ್ಕರ್ಧ ಬಂದಿದ್ದು ಗಂಟಕ್ಕನ ಗಂಟಿನಿಂದ. ಹುಡುಕಿದರೂ ಅವರದೊಂದು ಫೋಟೋ ಅಲ್ಲಿ ಸಿಗುವುದಿಲ್ಲ.

ಅದಕ್ಕೂ ಮೊದಲು ಇಪ್ಪತ್ತೊಂದು ವರ್ಷ ಅವರು ಗಾಳದ ಕೋಲು ತಯಾರಿಸುವ ಕಾರ್ಖಾನೆಯಲ್ಲಿದ್ದರು. ದಾರ ಓಡುವ ಉಂಗುರಗಳನ್ನು ಕೋಲಿಗೆ ನೂಲಿನಿಂದ ಸುತ್ತಿ ಬಿಗಿಯುವ ಕೆಲಸ. ಒಂದು ಕೋಲಿಗೆ ಏಳು ಉಂಗುರ, ದಿನಕ್ಕೆ ಇಪ್ಪತ್ತಾರು ಕೋಲು. ಬಲಗೈ ತೋರುಬೆರಳಿನ ಉಗುರಿನ ನಡುವೆ ನೂಲು ಕೊರೆದ ಗೆರೆ ಈಗಲೂ ಹಾಗೇ ಇದೆ. ಒಂದು ಸೋಮವಾರ ಕೆಲಸಕ್ಕೆ ಹೋದರೆ ಗೇಟಿಗೆ ಒಂದು ಹಾಳೆ ಅಂಟಿಸಿತ್ತು, ಒಳಗೆ ನರಪಿಳ್ಳೆ ಇರಲಿಲ್ಲ. "ಇಪ್ಪತ್ತೊಂದು ವರ್ಷ ದುಡಿದಿದ್ದಕ್ಕೆ ಒಂದು ಹಾಳೆ. ಅದನ್ನೂ ಓರೆಯಾಗಿ ಅಂಟಿಸಿದ್ರು" ಎಂದು ಗಂಟಕ್ಕ ನಗುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ.

ಈಗ ಅವರಿರುವುದು ತಂಗಿಯ ಜೊತೆ, ಬೀದಿಯ ಕೊನೆಯ ಕಟ್ಟಡದ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ. ತಂಗಿ ಹತ್ತಿರದ ಆಸ್ಪತ್ರೆಯಲ್ಲಿ ಆಯಾ. ಆ ಮನೆಯ ಪರದೆ, ಪೊರಕೆ, ಕಿಟಕಿಯ ಕೊಂಡಿ, ಮುರಿದ ಬಕೆಟ್ಟಿನ ಹಿಡಿ, ಎಲ್ಲದಕ್ಕೂ ಒಂದೊಂದು ಗಂಟು. "ನಮ್ಮನೇಲಿ ಕಳ್ಳ ಬಂದ್ರೆ ಬೀಗ ಒಡೀಬಹುದು, ಅಕ್ಕನ ಗಂಟು ಬಿಚ್ಚೋಕೆ ಬೆಳಗಾಗುತ್ತೆ" ಎನ್ನುತ್ತಾರೆ ತಂಗಿ.

ಗಂಟಕ್ಕನ ನಿಜವಾದ ವಿದ್ಯೆ ನೋಡಬೇಕಾದರೆ ಹೊಸಬರೊಬ್ಬರು ಅಂಗಡಿಗೆ ಕಾಲಿಟ್ಟ ಹೊತ್ತಿಗೆ ಅಲ್ಲಿರಬೇಕು. ಸೀ ಬಾಸ್ ಎಂಬ ಮೀನನ್ನು ಇಲ್ಲಿಯವರು ಹಿಡಿಯುವ ಬಗೆಯಲ್ಲಿ ಎರೆಹುಳು, ಸಿಗಡಿ ಏನೂ ಇಲ್ಲ. ಪ್ಲಾಸ್ಟಿಕ್ಕಿನ, ಲೋಹದ, ರಬ್ಬರಿನ ಸುಳ್ಳು ಮೀನನ್ನು, ಲೂರ್ ಅನ್ನುತ್ತಾರೆ ಅದಕ್ಕೆ, ದೂರ ಎಸೆದು ಈಜುವ ಹಾಗೆ ಎಳೆಯುತ್ತ ಬರಬೇಕು. ಬೆಳಗ್ಗೆಯೆಲ್ಲ ಎಸೆಯುತ್ತಲೇ ಇರಬೇಕು. ಸಾಮಾನು ಸರಿಯಿಲ್ಲದಿದ್ದರೆ ಮೊದಲು ಹೋಗುವುದು ಭುಜ, ಆಮೇಲೆ ಉತ್ಸಾಹ.

ಒಬ್ಬ ಬಸ್ ಡ್ರೈವರ್ ಬರುತ್ತಾರೆ. ಮೊದಲ ಸಲ. ಗೋಡೆಗೆ ಒರಗಿಸಿದ ಹೊಳೆಯುವ ಪೆಟ್ಟಿಗೆಯ ಕಡೆಗೇ ಅವರ ಕಣ್ಣು. ಗಂಟಕ್ಕ ಅಡ್ಡ ಬಂದು ನಿಲ್ಲುತ್ತಾರೆ.

"ಎಲ್ಲಿ ನಿಂತು ಎಸೀತೀರಿ? ಬಂಡೆ ಮೇಲೋ, ಮರಳಲ್ಲೋ?"

"ಬಂಡೆ ಮೇಲೆ ಅಂದ್ಕೊಂಡಿದ್ದೀನಿ."

"ಹಾಗಾದ್ರೆ ಒಂಬತ್ತು ಅಡಿ ಕೋಲು ಸಾಕು. ಇಲ್ಲಿ ಬರೆದಿದೆ ನೋಡಿ, ಹತ್ತರಿಂದ ಮೂವತ್ತು ಗ್ರಾಂ. ಅಷ್ಟು ತೂಕದ ಲೂರನ್ನೇ ಎಸೀಬೇಕು, ಹೆಚ್ಚೂ ಬೇಡ, ಕಡಿಮೇನೂ ಬೇಡ. ಹಿಡೀರಿ. ಹಾಗಲ್ಲ, ಬಸ್ಸಿನ ಗೇರ್ ಹಿಡಿದ ಹಾಗೆ ಹಿಡೀಬೇಡಿ. ಹ್ಞಾಂ. ಈಗ ಹತ್ತು ನಿಮಿಷ ಹಾಗೇ ಹಿಡ್ಕೊಂಡು ಮಾತಾಡ್ತಾ ಇರಿ. ಕೈ ನೋಯ್ತಾ ಅಂತ ಆಮೇಲೆ ಹೇಳಿ."

ಡ್ರೈವರ್ ಹತ್ತು ನಿಮಿಷ ಕೋಲು ಹಿಡಿದೇ ನಿಲ್ಲುತ್ತಾರೆ. ಅಷ್ಟರಲ್ಲಿ ಮಧ್ಯಮ ಗಾತ್ರದ ಒಂದು ರೀಲು ಬರುತ್ತದೆ, ಸಣ್ಣನೆಯ ಹೆಣೆದ ದಾರ ಬರುತ್ತದೆ. ಲೂರಿನ ಸರದಿ ಬಂದಾಗ ಅವರು ಆಸೆಯಿಂದ ಹನ್ನೆರಡರ ಪೊಟ್ಟಣಕ್ಕೆ ಕೈಹಾಕುತ್ತಾರೆ.

"ಹನ್ನೆರಡು ಯಾಕೆ? ಹನ್ನೆರಡು ಕೈ ಇದೆಯಾ?" ಎನ್ನುತ್ತಾರೆ ಗಂಟಕ್ಕ. "ಮೂರು ಸಾಕು. ನೀರಿನ ಮೇಲೆ ತೇಲೋದು ಒಂದು, ಒಂದಡಿ ಕೆಳಗೆ ಈಜೋದು ಒಂದು, ರಬ್ಬರ್ ಬಾಲದ್ದು ಒಂದು. ಮೂರನ್ನೂ ಚೆನ್ನಾಗಿ ಕಲೀರಿ. ತಿಂಗಳು ಬಿಟ್ಟು ಬನ್ನಿ, ನಾಲ್ಕನೇದು ಬೇಕೋ ಬೇಡ್ವೋ ಹೇಳ್ತೀನಿ. ಮನೆಗೆ ಹೋದ್ಮೇಲೆ ರೀಲನ್ನ ನಲ್ಲಿ ನೀರಲ್ಲಿ ತೊಳೀರಿ, ಉಪ್ಪು ಯಾರ ಮುಖಾನೂ ನೋಡಲ್ಲ."

ಇಂಥ ಕೆಲಸಗಾರರನ್ನು ಯಾವ ಅಂಗಡಿಯಾದರೂ ತಲೆಯ ಮೇಲೆ ಹೊತ್ತು ಮೆರೆಸಬೇಕಲ್ಲವೇ? ಕಳೆದ ವರ್ಷ ಈ ಅಂಗಡಿ ಮಾಡಿದ್ದೇನು ಗೊತ್ತೇ? ಅವರನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ ತಳ್ಳಿತು. ಹೊಸಬರ ಜೊತೆ ಮಾತಾಡಕೂಡದು ಎಂದು ಹೇಳಿತು. ಕಾರಣ, ಆ ಹೊಳೆಯುವ ಪೆಟ್ಟಿಗೆ.

ಪೆಟ್ಟಿಗೆ ಬಂದಿದ್ದು ಮೂರು ವರ್ಷದ ಹಿಂದೆ. 'ಹೊಸಬರಿಗೆ ಎಲ್ಲವೂ ಒಂದೇ ಕಡೆ' ಎಂದು ಅದರ ಮೇಲೆ ದಪ್ಪಕ್ಷರ. ಒಳಗೆ ಕೋಲು, ರೀಲು, ಹನ್ನೆರಡು ಲೂರು. ಒಂದನ್ನು ಕಾರ್ಖಾನೆಯಲ್ಲೇ ದಾರಕ್ಕೆ ಕಟ್ಟಿ ಇಟ್ಟಿರುತ್ತಾರೆ. ಒಯ್ದು ಎಸೆಯುವುದಷ್ಟೇ ಬಾಕಿ, ನೀರು ಕುಡಿದಷ್ಟು ಸುಲಭ! ಆದರೆ ಎಡವಟ್ಟು ಇರುವುದೇ ಆ ಕಟ್ಟಿನಲ್ಲಿ. ರೀಲಿನಲ್ಲಿರುವ ಹೆಣೆದ ದಾರ ಗಟ್ಟಿ, ಆದರೆ ಕಲ್ಲಿಗೆ ಉಜ್ಜಿದರೆ ಹರಿಯುತ್ತದೆ. ಅದಕ್ಕೇ ಅದರ ತುದಿಗೆ ಒಂದು ಮಾರು ಪಾರದರ್ಶಕ ದಾರ ಸೇರಿಸುತ್ತಾರೆ, ಅದಕ್ಕೆ ಲೀಡರ್ ಎಂದು ಹೆಸರು. ಒಂದು ನಯ, ಇನ್ನೊಂದು ಒರಟು. ಇವೆರಡನ್ನು ಕೂಡಿಸುವ ಗಂಟಿಗೆ ಕನಿಷ್ಠ ಹದಿನೆಂಟು ಸುತ್ತು ಬೇಕು, ಎಂಜಲು ಹಚ್ಚಿ ನಿಧಾನ ಬಿಗಿಯಬೇಕು. ಪೆಟ್ಟಿಗೆಯವರು ಐದು ಸುತ್ತು ಸುತ್ತಿ, ಒಂದು ತೊಟ್ಟು ಹಸಿರು ಅಂಟು ಮೆತ್ತಿ ಕೈತೊಳೆದುಕೊಂಡಿದ್ದಾರೆ.

ಹೊಸಬ ಜೋರಾಗಿ ಬೀಸುತ್ತಾನೆ. ಗಂಟು ಜಾರುತ್ತದೆ. ಇಪ್ಪತ್ತೆಂಟು ಗ್ರಾಂ ಲೋಹ, ಎರಡು ಮುಕ್ಕೊಕ್ಕೆ ಸಮೇತ, ಎತ್ತ ಬೇಕಾದರತ್ತ ಹಾರುತ್ತದೆ. ಪಕ್ಕದಲ್ಲಿ ನಿಂತ ಹಳಬರು ನಗುತ್ತಾರೆ. ಹೊಸಬ ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ. ಅಂಗಡಿಗೆ ಬಂದು ಹೇಳಿದರೆ, "ಎಸೆಯೋಕೆ ಕಲೀರಿ ಸಾರ್" ಎಂಬ ಉಪದೇಶ. ಎಲ್ಲಿಯ ನ್ಯಾಯ ಇದು? ಮಾರಿದವರದು ತಪ್ಪು, ನಾಚಿಕೆ ಮಾತ್ರ ಕೊಂಡವರ ಪಾಲಿಗೆ.

ಗಂಟಕ್ಕನಿಗೆ ಇದು ಗೊತ್ತಾಗಿದ್ದು ಒಬ್ಬ ಬಡಗಿಯಿಂದ. ಪೆಟ್ಟಿಗೆ ಕೊಂಡು ಮೂರೇ ವಾರಕ್ಕೆ ವಾಪಸ್ ತಂದಿಟ್ಟ. "ನಂಗೆ ಇದು ಕೈಗೂಡಲ್ಲ ಅಕ್ಕ, ಯಾರಿಗಾದ್ರೂ ಕೊಟ್ಬಿಡಿ" ಎಂದ. "ಆ ಕೈ ನೋಡಿದೆ" ಎಂದು ಗಂಟಕ್ಕ ನೆನೆಯುತ್ತಾರೆ. "ಕೂದಲೆಳೆಯಷ್ಟು ಸಂದಿ ಬಿಡದ ಹಾಗೆ ಮರ ಕೂಡಿಸೋ ಕೈ. ಆ ಕೈಗೆ ಒಂದು ಲೂರ್ ಎಸೆಯೋಕೆ ಬರಲ್ವಾ? ನಂಗೆ ಹೊಟ್ಟೆ ಉರಿದುಹೋಯ್ತು." ಮಾರನೆಯ ದಿನ ಅವರು ಮೊದಲ ಬಾರಿಗೆ ಬಂಡೆಗೆ ಇಳಿದರು, ಕಳೆದುಹೋದ ಲೂರುಗಳನ್ನು ಹುಡುಕಲು.

ಅವರ ಲೆಕ್ಕ ಸರಳ. ದಾರದ ಕೊನೆ ಚಿಂದಿಯಾಗಿದ್ದರೆ ಕಲ್ಲಿಗೆ ಉಜ್ಜಿ ಹೋಗಿದ್ದು. ಚೂಪಾಗಿ ಕತ್ತರಿಸಿದ ಹಾಗಿದ್ದರೆ ಯಾರೋ ಕೈಯಾರೆ ಕೊಯ್ದಿದ್ದು. ಸುರುಳಿ ಸುತ್ತಿದ್ದರೆ ಗಂಟು ಜಾರಿದ್ದು, ಅದರಲ್ಲಿ ಎರಡನೇ ಮಾತಿಲ್ಲ. ತಿಂಗಳಲ್ಲಿ ಹನ್ನೆರಡು ಹದಿಮೂರು ಬೆಳಗ್ಗೆ, ಇಳಿತದ ಹೊತ್ತು ನೋಡಿಕೊಂಡು, ಕೆಲಸಕ್ಕೆ ಮೊದಲಿನ ಎರಡು ಗಂಟೆ ಅವರು ಬಂಡೆಯಲ್ಲಿರುತ್ತಾರೆ. ಮೂರು ವರ್ಷದಲ್ಲಿ ಸಿಕ್ಕಿದ್ದು ನಾನೂರ ಹನ್ನೆರಡು ಲೂರು. ಅವುಗಳಲ್ಲಿ ಇನ್ನೂರ ಅರವತ್ತೆಂಟಕ್ಕೆ ಸುರುಳಿ ತುದಿ, ಹಸಿರು ಅಂಟು. ತುದಿಗಳನ್ನು ಕತ್ತರಿಸಿ ಒಂದು ಗಾಜಿನ ಡಬ್ಬಿಗೆ ಹಾಕಿಟ್ಟಿದ್ದಾರೆ. ಲೂರುಗಳನ್ನು ತೊಳೆದು ಹಿಂದಿನ ಕೋಣೆಯ ಗೋಡೆಗೆ ತೂಗುಹಾಕುತ್ತಾರೆ. ಕಳೆದುಕೊಂಡವರು ಬಂದು ಗುರುತಿಸಿ ತೆಗೆದುಕೊಂಡು ಹೋಗಬಹುದು.

ಯಜಮಾನರಿಗೆ ಹೇಳಿದರು. ಒಮ್ಮೆಯಲ್ಲ, ಆರು ಸಲ. ಕಿವಿಗೇ ಹಾಕಿಕೊಳ್ಳಲಿಲ್ಲ. ಆಗ ಗಂಟಕ್ಕ ತಮಗೆ ತಿಳಿದದ್ದು ಮಾಡಿದರು. ತಮ್ಮ ಕೈಯಿಂದ ಮಾರಾಟವಾದ ಪ್ರತಿ ಪೆಟ್ಟಿಗೆಯ ಸೀಲು ಬಿಚ್ಚಿ, ಹಸಿರು ಗಂಟು ಕತ್ತರಿಸಿ, ತಮ್ಮ ಗಂಟು ಹಾಕಿ ಕೊಟ್ಟರು. ಒಂದು ಗಂಟಿಗೆ ನಾಲ್ಕು ನಿಮಿಷ. ಭಾನುವಾರಗಳಲ್ಲಿ ಇಪ್ಪತ್ತು ಗಂಟು. ಊಟದ ಬಿಡುವು ಅದರಲ್ಲೇ ಕರಗುತ್ತಿತ್ತು.

ಕಳೆದ ವರ್ಷ ಒಂದು ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರು ಪಕ್ಕದಲ್ಲೇ ನಿಂತು, "ಬೇಗ ಬೇಗ, ಕೊಟ್ಟು ಕಳಿಸಿ" ಎನ್ನುತ್ತಿದ್ದರು. ಅವತ್ತು ಗಂಟಕ್ಕ ಒಂದೇ ಒಂದು ಪೆಟ್ಟಿಗೆಯನ್ನು ಮಾತ್ರ ಬಿಚ್ಚದೆ ಕೊಟ್ಟರು. ಮಾರನೆಯ ಬೆಳಗ್ಗೆ ಕಲ್ಲುಗೋಡೆಯ ಮೇಲೆ ವಾಯುವಿಹಾರಕ್ಕೆ ಬಂದಿದ್ದ ಶಾಲೆಯ ಹಾಡಿನ ಟೀಚರ್ ಹುಬ್ಬಿಗೆ ಲೂರ್ ಬಡಿಯಿತು. ಕಣ್ಣಿಗೂ ಕೊಕ್ಕೆಗೂ ಇದ್ದದ್ದು ಅರ್ಧ ಬೆರಳು. ನಾಲ್ಕು ಹೊಲಿಗೆ. ಆಸ್ಪತ್ರೆಯಲ್ಲಿ ಟೀಚರ್ ತಲೆ ಅಲುಗದಂತೆ ಹಿಡಿದುಕೊಂಡಿದ್ದು ಗಂಟಕ್ಕನ ತಂಗಿಯೇ. ಹೊರಗೆ ತೆಗೆದ ಲೂರಿನ ದಾರವನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದರು. ತುದಿಯಲ್ಲಿ ಸುರುಳಿ, ಹಸಿರು ಅಂಟು.

"ಅದು ನನ್ನ ಕೈಯಿಂದಲೇ ಹೋದ ಪೆಟ್ಟಿಗೆ. ನಾಲ್ಕು ನಿಮಿಷ ನಂಗೆ ಸಿಗಲಿಲ್ಲ ಅಂತ ಆ ತಾಯಿ ಕಣ್ಣು ಹೋಗ್ತಿತ್ತು" ಎನ್ನುತ್ತಾರೆ ಗಂಟಕ್ಕ. ಅವತ್ತಿನಿಂದ ಅವರು ಹೆಲ್ಮೆಟ್ ಹಾಕಿಕೊಂಡೇ ಬಂಡೆಗೆ ಇಳಿಯುತ್ತಾರೆ. ಎಸೆದ ಹುಡುಗನಿಗೆ ಮಾತ್ರ ಊರೆಲ್ಲ ಛೀಮಾರಿ. ಅವನು ಕೋಲನ್ನು ಮುರಿದು ಕಸಕ್ಕೆ ಹಾಕಿದನಂತೆ.

ಟೀಚರ್ ಗಾಯ ಮಾಯುವ ಮೊದಲೇ ಪೆಟ್ಟಿಗೆ ಕಂಪನಿಯ ಪ್ರತಿನಿಧಿ ಅಂಗಡಿಗೆ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಎರಡು ಫೋನು. ದೂರು ಗಾಯದ್ದಲ್ಲ, ಯಾರೋ ಸೀಲು ಒಡೆಯುತ್ತಿದ್ದಾರೆ ಎಂಬುದು. ಗಂಟಕ್ಕ ಗಾಜಿನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟರು. ಆತ ಅದನ್ನು ಮುಟ್ಟಲೂ ಇಲ್ಲ.

"ಅಮ್ಮಾ, ನೀವು ಇಲ್ಲಿಯವರೆಗೆ ಎಷ್ಟು ಸೀ ಬಾಸ್ ಹಿಡಿದಿದ್ದೀರಿ?"

"ಒಂದೂ ಇಲ್ಲ."

ಆತ ಯಜಮಾನರ ಕಡೆ ನೋಡಿ ನಕ್ಕ. ಯಜಮಾನರೂ ನಕ್ಕರು. ಹೌದು, ಗಂಟಕ್ಕ ಒಂದು ಮೀನನ್ನೂ ಹಿಡಿದಿಲ್ಲ. ರಜೆಯೇ ಇಲ್ಲದವರು ಮೀನು ಹಿಡಿಯುವುದು ಯಾವಾಗ? ಗಂಟಕ್ಕ ಹೊಸ ಪೆಟ್ಟಿಗೆಯೊಂದನ್ನು ಬಿಚ್ಚಿಸಿ, ಅದರ ದಾರಕ್ಕೆ ಬಕೆಟ್ ಕಟ್ಟಿ, ಆತನ ಕೈಗೇ ಕೊಟ್ಟು, ನೀರು ಹೊಯ್ಯತೊಡಗಿದರು. ಬಕೆಟ್ ಅರ್ಧ ತುಂಬುವ ಮೊದಲೇ ಗಂಟು ಜಾರಿತು, ನೀರೆಲ್ಲ ಆತನ ಬೂಟಿನ ಮೇಲೆ. ಅದೇ ದಾರಕ್ಕೆ ತಮ್ಮ ಗಂಟು ಹಾಕಿ ಮತ್ತೆ ಕಟ್ಟಿದರು. ತುಂಬಿದ ಬಕೆಟ್ ಅಲುಗದೆ ನಿಂತಿತು. ಆತ ಬೂಟು ಒರೆಸಿಕೊಳ್ಳುತ್ತ, "ಒಂದು ಪೀಸ್ ಕೆಟ್ಟಿರಬಹುದು" ಎಂದ.

ಅವತ್ತು ಸಂಜೆ ಯಜಮಾನರು ಗಂಟಕ್ಕನನ್ನು ಕರೆದರು. ಅಷ್ಟು ವರ್ಷ ನೀವು, ತಾವು ಎನ್ನುತ್ತಿದ್ದವರು ಏಕವಚನಕ್ಕೆ ಇಳಿದಿದ್ದರು. "ನಾಳೆಯಿಂದ ನೀನು ಹಿಂದಿನ ಕೋಣೇಲಿರು. ಗಿರಾಕಿಗಳ ಹತ್ರ ಮಾತಾಡಬೇಡ. ಪೆಟ್ಟಿಗೆ ಮುಟ್ಟಬೇಡ. ಮುಟ್ಟಿದ್ರೆ ಅದೇ ಕೊನೆ ದಿನ." ಕೌಂಟರಿನ ಹಿಂದೆ ಗಂಟಕ್ಕ ಕೂರುತ್ತಿದ್ದ ಎತ್ತರದ ಕುರ್ಚಿಯನ್ನೂ ಹಿಂದಕ್ಕೆ ಸಾಗಿಸಿದರು. ಕೆಲಸ ಬಿಡುವ ಹಾಗಿಲ್ಲ, ಹೊಟ್ಟೆಪಾಡು. ಬಿಟ್ಟರೆ ಪೆಟ್ಟಿಗೆಯ ಮೋಸವನ್ನು ಕೇಳುವವರೇ ಇಲ್ಲ, ಅದು ಇನ್ನೊಂದು ಸಂಕಟ. ಎಂಟು ತಿಂಗಳು ಅವರು ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಗೋಡೆಯಾಚೆ ಪೆಟ್ಟಿಗೆಗಳು ಒಂದೊಂದಾಗಿ ಹೊರಹೋಗುವ ಸದ್ದು ಕೇಳುತ್ತ ಕೂತರು. ಬಂಡೆಯಲ್ಲಿ ಸಿಗುವ ಹಸಿರು ಅಂಟು ಆ ಎಂಟು ತಿಂಗಳಲ್ಲಿ ಎರಡರಷ್ಟಾಯಿತು.

ಮೊನ್ನೆ ಭಾನುವಾರ ಅಂಗಡಿಯಲ್ಲಿ ಜನವೋ ಜನ. ಹಿಂದಿನ ಕೋಣೆಯ ಬಾಗಿಲನ್ನು ಯಾರೋ ಮೆಲ್ಲಗೆ ತಳ್ಳುತ್ತಾರೆ. ಯಜಮಾನರು. ಕಂಕುಳಲ್ಲಿ ಸೀಲು ಬಿಚ್ಚದ ಪೆಟ್ಟಿಗೆ.

"ಗಂಟಕ್ಕಾ, ಬಿಡುವಿದೆಯಾ ನಿಮಗೆ?" ಎನ್ನುತ್ತಾರೆ. ಬಹುವಚನ ವಾಪಸ್ ಬಂದಿದೆ. "ಮಗಳು ಬಂದಿದ್ದಾಳೆ. ನಾಳೆ ಬೆಳಗ್ಗೆ ಅವಳೂ ಅಳಿಯನೂ ಗೋಡೆ ಮೇಲೆ ಹೋಗ್ತಾರಂತೆ. ಇದೊಂದು... ಸ್ವಲ್ಪ ನೋಡಿಕೊಡಿ. ನಿಮ್ಮ ಕೈಗುಣ."

ಗಂಟಕ್ಕ ಅವರ ಮುಖವನ್ನೇ ನೋಡುತ್ತಾರೆ. ಊರಿನ ಮಕ್ಕಳಿಗೆಲ್ಲ ಹಸಿರು ಅಂಟು ನಡೆಯುತ್ತದೆ, ತನ್ನ ಮಗಳಿಗೆ ಮಾತ್ರ ಹಿಂಬಾಗಿಲಿನ ಗಂಟು ಬೇಕು. ಇಷ್ಟು ದಿನ ಈ ಮನುಷ್ಯ ತಮ್ಮ ಮಾತನ್ನು ನಂಬಿಲ್ಲ ಎಂದುಕೊಂಡಿದ್ದರು. ಎಲ್ಲ ಗೊತ್ತಿತ್ತು. ಅದೇ ಸಹಿಸಲು ಆಗದ್ದು.

"ಕಟ್ಟಿಕೊಡ್ತೀನಿ" ಎನ್ನುತ್ತಾರೆ ಗಂಟಕ್ಕ. "ನಿಮ್ಮ ಮಗಳು ನಂಗೂ ಮಗಳೇ. ಆದ್ರೆ ಇಲ್ಲಿ ಕಟ್ಟಲ್ಲ. ಮುಂದೆ ತಗೊಂಡು ಬನ್ನಿ. ಕೌಂಟರ್ ಮೇಲಿಡಿ. ಎಲ್ಲರೆದುರು ಬಿಚ್ಚೋಣ."

"ಏನು ಮಾತು ಇದು? ಭಾನುವಾರ, ಜನ ಇದ್ದಾರೆ..."

"ಜನ ಇರೋದಕ್ಕೇ ಹೇಳಿದ್ದು."

ಯಜಮಾನರ ಮುಖ ಕೆಂಪಾಗುತ್ತದೆ. ಪೆಟ್ಟಿಗೆ ಎತ್ತಿಕೊಂಡು ಧಡಾರನೆ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಕೆಲಸ ಹೋಯಿತು ಎಂದುಕೊಂಡು ಗಂಟಕ್ಕ ಗಾಜಿನ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾರೆ, ಇಕ್ಕಳ, ಕತ್ತರಿಯನ್ನೂ. ಹೆಲ್ಮೆಟ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಬಾಗಿಲು ಮತ್ತೆ ತೆರೆಯುತ್ತದೆ. ಈ ಸಲ ನಿಂತಿರುವುದು ಯಜಮಾನರ ಮಗಳು.

"ಅಕ್ಕಾ, ನಿಮ್ಮನ್ನ ಮುಂದಕ್ಕೆ ಕರೀತಿದ್ದಾರೆ ಅಪ್ಪ. ಆ ಪೆಟ್ಟಿಗೇನ ಇಲ್ಲಿಗೆ ಯಾಕೆ ಕದ್ದುಮುಚ್ಚಿ ತಂದಿದ್ರಿ ಅಂತ ಕೇಳಿದೆ. ಬಾಯಿ ಬಿಡಲಿಲ್ಲ. ಬಿಡೋವರೆಗೂ ನಾನು ಬಿಡಲಿಲ್ಲ."

ಗಂಟಕ್ಕ ಹೊರಗೆ ಬರುತ್ತಾರೆ. ಅಂಗಡಿಯಲ್ಲಿ ಹದಿನೈದು ಜನ ಇದ್ದಿರಬಹುದು. ಕೌಂಟರಿನ ಮೇಲೆ ಪೆಟ್ಟಿಗೆ, ಅದರ ಹಿಂದೆ ಕುಂದಿದ ಮೋರೆಯ ಯಜಮಾನರು. ಅವರು ಯಾರ ಕಡೆಗೂ ನೋಡದೆ, ತಮ್ಮ ಕೈಯಿಂದಲೇ ಸೀಲು ಹರಿಯುತ್ತಾರೆ. ಗಂಟಕ್ಕ ಹಸಿರು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾರೆ. ಬಕೆಟ್ಟೂ ಬೇಕಾಗುವುದಿಲ್ಲ, ಅದು ಹಾಗೇ ಕಳಚಿಕೊಳ್ಳುತ್ತದೆ. ಸಾಲಿನಲ್ಲಿ ಅದೇ ಪೆಟ್ಟಿಗೆ ಹಿಡಿದು ನಿಂತಿದ್ದ ಯುವತಿಯೊಬ್ಬಳು ತನ್ನದನ್ನು ಒಮ್ಮೆ ನೋಡಿಕೊಳ್ಳುತ್ತಾಳೆ.

"ಅಕ್ಕಾ, ನಂದೂ ಹೀಗೇನಾ?"

"ನಿಂದೂ ಹೀಗೇ. ಎಲ್ಲರದ್ದೂ ಹೀಗೇ. ತಗೊಂಡು ಬಾ."

ಅವತ್ತು ಕೌಂಟರಿನಲ್ಲಿ ಮೂವತ್ತೊಂದು ಗಂಟು. ಸಂಜೆಯೊಳಗೆ ಯಜಮಾನರ ಮಗಳು ಎತ್ತರದ ಕುರ್ಚಿಯನ್ನು ಮುಂದಕ್ಕೆ ತಂದಿಟ್ಟಳು. ಯಜಮಾನರು ಕ್ಷಮೆ ಕೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಪೆಟ್ಟಿಗೆಗಳು ಈಗಲೂ ಅದೇ ಗೋಡೆಗೆ ಒರಗಿವೆ, ಕಂಪನಿ ಈಗಲೂ ಅದೇ ಅಂಟು ಮೆತ್ತುತ್ತಿದೆ. ಟೀಚರಿಗಾಗಲಿ ಕೋಲು ಮುರಿದ ಆ ಹುಡುಗನಿಗಾಗಲಿ ಯಾರೂ ಒಂದು ಮಾತು ಹೇಳಿಲ್ಲ. ಬಡಗಿಗೆ ಮಾತ್ರ ಗಂಟಕ್ಕನೇ ಹೇಳಿಕಳಿಸಿದ್ದಾರೆ, ಬಂದು ಕೋಲು ತೆಗೆದುಕೊಂಡು ಹೋಗು ಎಂದು. ಮೂರು ವರ್ಷ ಅದನ್ನು ಎಣ್ಣೆ ಹಾಕಿ ಕಾಪಾಡಿದ್ದಾರೆ.

ಮತ್ತೆ ಬೆಳಗಿನ ಐದೂವರೆ, ಮತ್ತೆ ಅದೇ ಬಂಡೆ, ಅದೇ ಹೆಲ್ಮೆಟ್ಟು. ಗೋಡೆಯ ಮೇಲೆ ಯಜಮಾನರ ಮಗಳು ಮೊದಲ ಬಾರಿಗೆ ಕೋಲು ಬೀಸುತ್ತಿದ್ದಾಳೆ. ಲೂರ್ ಹಾರಿ, ದೂರ ಹೋಗಿ, ನೀರಿಗೆ ಬೀಳುತ್ತದೆ. ದಾರ ಬಿಗಿಯಾಗಿಯೇ ಇದೆ. ಕೆಳಗೆ ಗಂಟಕ್ಕ ತಲೆಯೆತ್ತಿ ನೋಡಿ, ಮತ್ತೆ ಸಂದಿಗೆ ಇಕ್ಕಳ ಹಾಕುತ್ತಾರೆ.

ಇಷ್ಟು ವರ್ಷ ಸಮುದ್ರದ ಪಕ್ಕದಲ್ಲೇ ಇದ್ದೀರಿ, ನಿಮಗೂ ಒಂದು ಮೀನು ಹಿಡಿಯುವ ಆಸೆಯಿಲ್ಲವೇ ಎಂದು ಮೇಲಿನಿಂದ ಅವಳು ಕೇಳುತ್ತಾಳೆ.

"ಮೀನು ಯಾರಿಗೆ ಬೇಕಮ್ಮ" ಎನ್ನುತ್ತಾರೆ ಗಂಟಕ್ಕ, ಹಸಿರು ಅಂಟಿನ ಇನ್ನೊಂದು ಸುರುಳಿಯನ್ನು ಎಳೆದು ತೆಗೆಯುತ್ತ. "ಒಂದೇ ಒಂದು ಬೆಳಗ್ಗೆ ಇಲ್ಲಿಂದ ಬರಿಗೈಲಿ ಮನೆಗೆ ಹೋಗಬೇಕು. ಅಷ್ಟೇ ನನ್ನಾಸೆ."